ಐರ್ಲೆಂಡಿನ ಜನರ ಹರಟೆ

ಮನುಷ್ಯನು ಮಾತನ್ನು ಎರಡು ಬಗೆಯಾಗಿ ಬಳಸುತ್ತಾನೆ. ಬೇಕಾದುದನ್ನು ಕೇಳಲು, ತಿಳಿದುದನ್ನು ತಿಳಿಸಲು, ಕೆಲಸವನ್ನು ಮಾಡಿಸಲು ಆಡುವ ಮಾತು ಒಂದು ಬಗೆ. ಅದರ ಪ್ರಯೋಜನ ಎಲ್ಲರ ಕಣ್ಣಿಗೂ ಕಾಣುವಂಥದು. ಎರಡನೆಯ ಬಗೆಯ ಮಾತಿಗೆ ಅಂಥ ಪ್ರಯೋಜನವೇನೂ ಮೇಲುನೋಟಕ್ಕೆ ತೋರುವುದಿಲ್ಲ. ದಾರಿಯಲ್ಲಿ ಎದುರಾದವರು “ಊಟವಾಯಿತೇ?” ಎಂದು ಕೇಳಿದಾಗ ಅವರಿಗೆ ಬೇಕಾದುದು ನಮ್ಮ ಊಟದ ವಿವರವಲ್ಲ. “ನಿಮ್ಮನ್ನು ಕಂಡೆ, ನಿಮ್ಮ ಕ್ಷೇಮ ನನಗೆ ಬೇಕು” ಎಂಬುದನ್ನೇ ಅವರು ಆ ಪ್ರಶ್ನೆಯ ರೂಪದಲ್ಲಿ ಹೇಳುತ್ತಾರೆ. ಇಂಥ ಮಾತನ್ನು ಬರಿಯ ಹರಟೆಯೆಂದು ಹಗುರವಾಗಿ ಎಣಿಸುವವರುಂಟು. ಆದರೆ ಒಂದು ಜನತೆಯ ಹರಟೆಗೆ ತಾಳ್ಮೆಯಿಂದ ಕಿವಿಗೊಟ್ಟರೆ, ಆ ಜನತೆ ಉಂಡ ನೋವು ನಲಿವುಗಳ ಇತಿಹಾಸವೇ ಅದರಲ್ಲಿ ಕೇಳಿಸುತ್ತದೆ.

ಐರ್ಲೆಂಡ್ ಇದಕ್ಕೆ ಒಳ್ಳೆಯ ನಿದರ್ಶನ. ಚೆನ್ನಾಗಿ ಮಾತನಾಡಬಲ್ಲವನಿಗೆ ಆ ದೇಶದಲ್ಲಿ ಹಿಂದಿನಿಂದಲೂ ಮನ್ನಣೆಯುಂಟು. ಬಸ್ಸಿಗಾಗಿ ಕಾದು ನಿಂತ ಇಬ್ಬರು ಅಪರಿಚಿತರು, ಅದರಲ್ಲಿಯೂ ಹಳ್ಳಿಗಾಡಿನಲ್ಲಿ, ಬಹಳ ಹೊತ್ತು ಸುಮ್ಮನಿರುವುದು ಅಪರೂಪ. ಮಾತು ಸಾಮಾನ್ಯವಾಗಿ ಮಳೆಯಿಂದ ಆರಂಭವಾಗುತ್ತದೆ. ಇನ್ನೂ ಬಾರದಿರುವ ಬಸ್ಸಿನ ಕಡೆಗೆ ಹೊರಳುತ್ತದೆ. ಅಲ್ಲಿಂದ ಸರ್ಕಾರದ ಮೇಲೆ ಏರುತ್ತದೆ. ಕೊನೆಗೆ ಭಾನುವಾರದ ಗೇಲಿಕ್ ಫುಟ್‌ಬಾಲ್ ಪಂದ್ಯಕ್ಕೆ ಬಂದು ನಿಲ್ಲುತ್ತದೆ. ಹವೆ, ಸಂಚಾರ, ರಾಜಕೀಯ, ಆಟ ಎಂಬ ಈ ನಾಲ್ಕನ್ನು ಅವರು ಏಕೆ ಹಿಡಿದುಕೊಂಡಿದ್ದಾರೆ? ಇವುಗಳಲ್ಲಿ ಅಂಥ ವಿಶೇಷವೇನಿದೆ? ಒಂದೊಂದಾಗಿ ನೋಡಿದರೆ ಉತ್ತರ ದೊರೆಯುತ್ತದೆ.

ಮೊದಲು ಆ ನಾಡಿನ ಪರಿಚಯ ಸ್ವಲ್ಪ ಬೇಕು. ಐರ್ಲೆಂಡ್ ಯೂರೋಪಿನ ಪಶ್ಚಿಮದ ಅಂಚಿನಲ್ಲಿರುವ ದ್ವೀಪ. ಪೂರ್ವಕ್ಕೆ ಬ್ರಿಟನ್ ಇದೆ. ಪಶ್ಚಿಮಕ್ಕೆ ಅಮೆರಿಕದವರೆಗೂ ಅಟ್ಲಾಂಟಿಕ್ ಸಾಗರವಲ್ಲದೆ ಬೇರೇನೂ ಇಲ್ಲ. ದ್ವೀಪದ ವಿಸ್ತೀರ್ಣ ಸುಮಾರು 84,000 ಚದರ ಕಿಲೋಮೀಟರುಗಳು. ಪರಂಪರೆಯಿಂದ ಅದರಲ್ಲಿ 32 ಕೌಂಟಿಗಳಿವೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ವಿಭಾಗ. ಇವುಗಳಲ್ಲಿ 26 ಕೌಂಟಿಗಳು ಸೇರಿ ಸ್ವತಂತ್ರವಾದ ಐರ್ಲೆಂಡ್ ಗಣರಾಜ್ಯವಾಗಿದೆ. ಡಬ್ಲಿನ್ ಅದರ ರಾಜಧಾನಿ. ಈಶಾನ್ಯ ಮೂಲೆಯ 6 ಕೌಂಟಿಗಳು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನೊಡನೆ ಯುನೈಟೆಡ್ ಕಿಂಗ್‌ಡಂಗೆ ಸೇರಿವೆ. 2022ರ ಜನಗಣತಿಯಂತೆ ಗಣರಾಜ್ಯದ ಜನಸಂಖ್ಯೆ ಸುಮಾರು 51 ಲಕ್ಷ.

ಆ ಜನರಲ್ಲಿ ಹೆಚ್ಚಿನವರು ಇಂದು ಆಡುವುದು ಇಂಗ್ಲಿಷನ್ನು. ಆದರೆ ಅವರ ಹಿರಿಯರ ಭಾಷೆ ಐರಿಷ್. 1937ರ ಸಂವಿಧಾನ ಐರಿಷ್ ಭಾಷೆಗೆ ಮೊದಲನೆಯ ಅಧಿಕೃತ ಭಾಷೆಯ ಸ್ಥಾನವನ್ನು ಕೊಟ್ಟಿದೆ. ಶಾಲೆಗಳಲ್ಲಿ ಅದನ್ನು ಕಲಿಸುತ್ತಾರೆ. 2022ರ ಜನಗಣತಿಯಲ್ಲಿ ತಮಗೆ ಐರಿಷ್ ಬರುತ್ತದೆಂದು ಹೇಳಿದವರು ಸುಮಾರು 18 ಲಕ್ಷ 70 ಸಾವಿರ. ಆದರೆ ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72 ಸಾವಿರ ಮಾತ್ರ. ಭಾಷೆ ಹಿಂದೆ ಸರಿದರೂ ಅದರ ನಡೆ ಅವರ ಇಂಗ್ಲಿಷಿನಲ್ಲಿ ಉಳಿದುಕೊಂಡಿತು. ಐರಿಷ್ ಭಾಷೆಯಲ್ಲಿ ‘ಹೌದು’, ‘ಇಲ್ಲ’ ಎಂಬುದಕ್ಕೆ ಒಂಟಿ ಪದಗಳಿಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ಉತ್ತರದಲ್ಲಿ ಮರಳಿ ಹೇಳಬೇಕು. “ಬಂದೆಯಾ?” ಎಂದರೆ “ಬಂದೆ” ಎಂದು ನಾವು ಹೇಳುವುದಿಲ್ಲವೇ, ಹಾಗೆ. ಐರಿಷರು ಇಂಗ್ಲಿಷ್ ಆಡುವಾಗಲೂ ಈ ರೂಢಿಯನ್ನು ಬಿಟ್ಟಿಲ್ಲ. ಐರಿಷ್ ಭಾಷೆಯ ವಂದನೆಯ ಕ್ರಮ ಇನ್ನೂ ಸೊಗಸಾದುದು. ಒಬ್ಬನು “ದೇವರು ನಿನ್ನೊಡನಿರಲಿ” ಎಂದರೆ ಇನ್ನೊಬ್ಬನು “ದೇವರೂ ಮೇರಿಯೂ ನಿನ್ನೊಡನಿರಲಿ” ಎಂದು ಉತ್ತರಿಸುತ್ತಾನೆ. ಪಡೆದುದಕ್ಕಿಂತ ಒಂದು ಮಾತು ಹೆಚ್ಚಾಗಿಯೇ ಹಿಂದಿರುಗಿಸಬೇಕೆಂಬುದು ಅಲ್ಲಿಯ ಸಂಭಾಷಣೆಯ ಮೊದಲ ಪಾಠ.

ಇನ್ನು ಹವೆಯ ವಿಷಯ. ನೈಋತ್ಯದಿಂದ ಬೀಸುವ ಗಾಳಿ ಅಟ್ಲಾಂಟಿಕ್ ಸಾಗರದ ಮೇಲೆ ಹಾದು ತೇವವನ್ನು ಹೊತ್ತು ಐರ್ಲೆಂಡಿಗೆ ಬರುತ್ತದೆ. ಸಾಗರದಲ್ಲಿ ಹರಿಯುವ ಬೆಚ್ಚನೆಯ ಪ್ರವಾಹದಿಂದಾಗಿ, ಅಷ್ಟು ಉತ್ತರದಲ್ಲಿದ್ದರೂ ಆ ದೇಶದಲ್ಲಿ ಕೊರೆಯುವ ಚಳಿಯಿಲ್ಲ. ಸುಡುವ ಬಿಸಿಲೂ ಇಲ್ಲ. ಅಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಧಿಕ ಉಷ್ಣತೆ 1887ರ ಜೂನ್ 26ರಂದು ಕಿಲ್ಕೆನಿಯಲ್ಲಿ ಅಳೆದ 33.3 ಡಿಗ್ರಿ ಸೆಲ್ಸಿಯಸ್. ಮಳೆಗೆ ಮಾತ್ರ ಕೊರತೆಯಿಲ್ಲ. ಪೂರ್ವ ಭಾಗದಲ್ಲಿ ವರ್ಷಕ್ಕೆ ಸುಮಾರು 150 ದಿನ, ಪಶ್ಚಿಮದ ಕೆಲವು ಕಡೆ ಸುಮಾರು 225 ದಿನ ಮಳೆ ಬೀಳುತ್ತದೆ. ನಮ್ಮ ಮುಂಗಾರಿನಂತೆ ಅದು ಕಾಲವನ್ನು ನೋಡಿ ಬರುವ ಮಳೆಯಲ್ಲ. ಯಾವ ತಿಂಗಳಲ್ಲಾದರೂ ಬಂದೀತು, ಒಂದೇ ದಿನದಲ್ಲಿ ನಾಲ್ಕು ಬಾರಿ ಬಂದು ನಾಲ್ಕು ಬಾರಿ ಹೋದೀತು. ಬೆಳಗ್ಗೆ ಕಂಡ ಆಕಾಶ ಮಧ್ಯಾಹ್ನಕ್ಕಿಲ್ಲ. ಆದುದರಿಂದ ಹವೆಯ ಬಗ್ಗೆ ಹೇಳುವುದಕ್ಕೆ ಅಲ್ಲಿ ಯಾವಾಗಲೂ ಹೊಸತೊಂದು ಇದ್ದೇ ಇರುತ್ತದೆ.

ಆ ಮಾತಿನ ರೀತಿಯೂ ಗಮನಿಸತಕ್ಕದ್ದು. ಮಂಜಿನಂತೆ ಸಣ್ಣಗೆ ತುಂತುರು ಬೀಳುತ್ತಿರುವ ದಿನವನ್ನು ಅವರು ಕೆಟ್ಟ ದಿನವೆನ್ನುವುದಿಲ್ಲ. ‘ಮೆತ್ತನೆಯ ದಿನ’ ಎನ್ನುತ್ತಾರೆ. ಹಾಗೆಂದು ಮುಗಿಸದೆ ‘ದೇವರ ದಯೆ’ ಎಂದೂ ಕೂಡಿಸುವುದುಂಟು. ಡಬ್ಲಿನ್ನಿನಲ್ಲಿ ಡಿಸೆಂಬರಿನ ಹಗಲು ಏಳೂವರೆ ಗಂಟೆ ಮಾತ್ರ. ಜೂನ್ ತಿಂಗಳಲ್ಲಿ ಅದು ಹದಿನೇಳು ಗಂಟೆಗಳಷ್ಟು ಬೆಳೆಯುತ್ತದೆ. ವಸಂತ ಬಂದೊಡನೆ “ಸಂಜೆಗಳು ಚೆನ್ನಾಗಿ ಉದ್ದವಾಗುತ್ತಿವೆ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತಿರುವುದನ್ನೇ ಎಲ್ಲರೂ ಹೇಳುವುದರಲ್ಲಿ ಅರ್ಥವೇನು? ಕತ್ತಲೆಯ ತಿಂಗಳುಗಳನ್ನು ಎಲ್ಲರೂ ಜೊತೆಯಾಗಿ ದಾಟಿ ಬಂದೆವೆಂಬ ಸಮಾಧಾನವೇ ಅದರ ಅರ್ಥ.

ಹವೆಯ ಮಾತಿನ ಹಿಂದೆ ಗಂಭೀರವಾದ ನೆನಪುಗಳೂ ಇವೆ. 1839ರ ಜನವರಿ 6ರ ರಾತ್ರಿ ಐರ್ಲೆಂಡಿನ ಮೇಲೆ ಭಯಂಕರವಾದ ಚಂಡಮಾರುತ ಎರಗಿತು. ಅಸಂಖ್ಯಾತ ಮನೆಗಳ ಸೂರು ಹಾರಿಹೋಯಿತು. ‘ದೊಡ್ಡ ಗಾಳಿಯ ರಾತ್ರಿ’ ಎಂದು ಜನ ಅದನ್ನು ತಲೆಮಾರುಗಳವರೆಗೆ ಹೇಳಿಕೊಂಡು ಬಂದರು. 1908ರಲ್ಲಿ ಸರ್ಕಾರ 70 ವರ್ಷ ತುಂಬಿದವರಿಗೆ ವೃದ್ಧಾಪ್ಯ ವೇತನ ಕೊಡುವ ಶಾಸನವನ್ನು ಮಾಡಿತು. ಐರ್ಲೆಂಡಿನಲ್ಲಿ ಎಲ್ಲರ ಜನನವನ್ನೂ ನೋಂದಾಯಿಸುವ ಕ್ರಮ ಆರಂಭವಾದದ್ದು 1864ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಬಡವರಲ್ಲಿ ವಯಸ್ಸಿಗೆ ದಾಖಲೆಯಿರಲಿಲ್ಲ. ಆಗ “ದೊಡ್ಡ ಗಾಳಿಯ ರಾತ್ರಿ ನನಗೆ ನೆನಪಿದೆ” ಎಂಬ ಮಾತೇ ವಯಸ್ಸಿನ ಸಾಕ್ಷಿಯಾಯಿತು. ಒಂದು ರಾತ್ರಿಯ ಬಿರುಗಾಳಿ ಎಷ್ಟೋ ಮುದುಕ ಮುದುಕಿಯರಿಗೆ ಜನನಪತ್ರವಾಗಿ ಒದಗಿ ಬಂದಿತು.

ಇನ್ನೊಂದು ನೆನಪು ಇದಕ್ಕಿಂತ ದಾರುಣವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಬಡವರಿಗೆ ಆಲೂಗಡ್ಡೆಯೇ ಅನ್ನವಾಗಿತ್ತು. 1845ರಲ್ಲಿ ಆ ಬೆಳೆಗೆ ಅಂಗಮಾರಿ ರೋಗ ತಗುಲಿತು. ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರೂ ಈ ರೋಗವನ್ನು ಚೆನ್ನಾಗಿ ಬಲ್ಲರು. ತಂಪೂ ತೇವವೂ ಕೂಡಿದ ಹವೆಯಲ್ಲಿ ಅದು ಬಲುಬೇಗ ಹರಡುತ್ತದೆ. ಹಸುರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಕರಿದಾಗಿ ಕೊಳೆಯುತ್ತದೆ. ಬೆಳೆ ಮತ್ತೆ ಮತ್ತೆ ಕೈಕೊಟ್ಟಿತು. ಆಗ ನಾಡನ್ನು ಆಳುತ್ತಿದ್ದ ಬ್ರಿಟಿಷ್ ಸರ್ಕಾರದ ನೆರವು ಸಾಲದೆ ಹೋಯಿತು. ಜನ ಹಸಿದಿದ್ದಾಗಲೂ ಧಾನ್ಯ ಹಡಗುಗಳಲ್ಲಿ ಹೊರಕ್ಕೆ ಹೋಗುತ್ತಿತ್ತು. 1852ರ ವೇಳೆಗೆ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತಿದ್ದರು. ಅದಕ್ಕೂ ಹೆಚ್ಚು ಮಂದಿ ದೇಶವನ್ನು ಬಿಟ್ಟುಹೋಗಿದ್ದರು. ಐರಿಷ್ ಭಾಷೆಯನ್ನು ಆಡುತ್ತಿದ್ದ ಬಡ ರೈತರೇ ಹೆಚ್ಚಾಗಿ ಬಲಿಯಾದುದರಿಂದ ಭಾಷೆಗೂ ಪೆಟ್ಟು ಬಿದ್ದಿತು. ಆ ದೇಶದ ಹವಾಮಾನ ಇಲಾಖೆ ಇಂದಿಗೂ ಬೇಸಗೆಯಲ್ಲಿ ರೈತರಿಗೆ ಅಂಗಮಾರಿಯ ಮುನ್ಸೂಚನೆಯನ್ನು ಕೊಡುತ್ತದೆ. ಹವೆಯ ಮಾತು ಅಲ್ಲಿ ಬರಿಯ ಉಪಚಾರದ ಮಾತಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೇಯೊ ಕೌಂಟಿಯ ಕಡಲತೀರದಲ್ಲಿ ಬ್ಲ್ಯಾಕ್‌ಸಾಡ್ ಎಂಬ ಒಂದು ಮೂಲೆಯ ಊರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಅಂಚೆಕಚೇರಿಯೇ ಹವಾಮಾನ ಕೇಂದ್ರವೂ ಆಗಿತ್ತು. ಮೊರೀನ್ ಫ್ಲಾವಿನ್ ಎಂಬ ತರುಣಿ ಅಲ್ಲಿ ವಾಯುಭಾರವನ್ನು ಅಳೆದು ವರದಿ ಕಳುಹಿಸುತ್ತಿದ್ದಳು. 1944ರ ಜೂನ್ ಮೊದಲ ವಾರದಲ್ಲಿ ವಾಯುಭಾರ ಕುಸಿಯುತ್ತಿರುವುದನ್ನು ಆಕೆ ವರದಿ ಮಾಡಿದಳು. ಬಿರುಗಾಳಿ ಬರಲಿದೆಯೆಂದು ಅದರಿಂದ ತಿಳಿದ ಮಿತ್ರರಾಷ್ಟ್ರಗಳ ಸೇನಾಪತಿಗಳು, ಫ್ರಾನ್ಸಿನ ತೀರದಲ್ಲಿ ಸೈನ್ಯವನ್ನು ಇಳಿಸುವ ಕಾರ್ಯವನ್ನು ಜೂನ್ 5ರಿಂದ 6ಕ್ಕೆ ಮುಂದೂಡಿದರು. ತನ್ನ ವರದಿಯಿಂದ ಇಂಥದೊಂದು ಘಟನೆ ನಡೆಯಿತೆಂಬುದು ಆಕೆಗೆ ತಿಳಿದದ್ದು ಅನೇಕ ವರ್ಷಗಳ ಮೇಲೆ.

ಮಳೆಯ ಮಾತು ಮುಗಿಯುವ ವೇಳೆಗೆ ಬಸ್ಸಿನ ಮಾತು ಬಂದೇ ಬರುತ್ತದೆ. ಐರ್ಲೆಂಡಿನಲ್ಲಿ ಮೊದಲ ರೈಲು 1834ರಲ್ಲಿ ಡಬ್ಲಿನ್ನಿಗೂ ಹತ್ತಿರದ ಬಂದರಾದ ಕಿಂಗ್ಸ್‌ಟೌನಿಗೂ ನಡುವೆ ಓಡಿತು. ಆ ಬಂದರಿಗೆ ಇಂದು ಡನ್ ಲೇರಿ ಎಂದು ಹೆಸರು. 1920ರ ಹೊತ್ತಿಗೆ ದ್ವೀಪದಲ್ಲಿ ಸುಮಾರು 5,600 ಕಿಲೋಮೀಟರುಗಳಷ್ಟು ರೈಲುದಾರಿ ಹರಡಿತ್ತು. ಮೋಟಾರು ವಾಹನಗಳು ಹೆಚ್ಚಿದಂತೆ ದಾರಿಗಳು ಒಂದೊಂದಾಗಿ ಮುಚ್ಚಿಹೋದುವು. ಇಂದು ಅದರ ಅರ್ಧದಷ್ಟೂ ಉಳಿದಿಲ್ಲ. ವಾಯವ್ಯದ ಡನಿಗಾಲ್ ಕೌಂಟಿಯಲ್ಲಿ ರೈಲೇ ಇಲ್ಲ. ಕಳೆದುಹೋದ ಆ ರೈಲುಗಳ ಮಾತು ಮಾತ್ರ ಮುಚ್ಚಿಲ್ಲ.

ಪಶ್ಚಿಮದ ಕ್ಲೇರ್ ಕೌಂಟಿಯಲ್ಲಿ ವೆಸ್ಟ್ ಕ್ಲೇರ್ ರೈಲ್ವೆ ಎಂಬ ಕಿರುದಾರಿ ಇತ್ತು. ಹಾಸ್ಯಗೀತೆಗಳಿಗೆ ಹೆಸರಾಗಿದ್ದ ಪರ್ಸಿ ಫ್ರೆಂಚ್ 1896ರಲ್ಲಿ ಅದರಲ್ಲಿ ಪ್ರಯಾಣ ಮಾಡುತ್ತ, ರೈಲು ಬಹಳ ತಡವಾದುದರಿಂದ ತನ್ನ ಕಚೇರಿಗೆ ಸಕಾಲಕ್ಕೆ ಮುಟ್ಟಲಾರದೆ ಹೋದ. ಆತ ನ್ಯಾಯಾಲಯಕ್ಕೆ ಹೋಗಿ ಹತ್ತು ಪೌಂಡುಗಳ ಪರಿಹಾರವನ್ನು ಪಡೆದ. ಅಷ್ಟಕ್ಕೆ ತೃಪ್ತನಾಗದೆ ಆ ರೈಲನ್ನು ಕುರಿತು ಒಂದು ಹಾಡನ್ನೂ ಕಟ್ಟಿದ. ರೈಲ್ವೆ 1961ರಲ್ಲಿ ಮುಚ್ಚಿತು, ಹಾಡು ಉಳಿಯಿತು. ತಡವನ್ನು ತಪ್ಪಿಸಲು ಆಗದಿದ್ದಾಗ ಅದನ್ನು ನಗೆಯಾಗಿ ಮಾಡಿಕೊಳ್ಳುವುದು ಐರಿಷರ ಸ್ವಭಾವ. ಡಬ್ಲಿನ್ ನಗರ ತನ್ನ ಹಳೆಯ ಟ್ರಾಮುಗಳನ್ನು 1949ರಲ್ಲಿ ನಿಲ್ಲಿಸಿತು. 2004ರಲ್ಲಿ ಮತ್ತೆ ಟ್ರಾಮನ್ನು ತಂದು ಅದಕ್ಕೆ ಲೂಅಸ್ ಎಂದು ಹೆಸರಿಟ್ಟಿತು. ಐರಿಷ್ ಭಾಷೆಯಲ್ಲಿ ಹಾಗೆಂದರೆ ‘ವೇಗ’. ಆದರೆ ಆಗ ಹಾಕಿದ ಎರಡು ಮಾರ್ಗಗಳು ನಗರದ ನಡುವೆ ಒಂದನ್ನೊಂದು ಸೇರಲಿಲ್ಲ. ಅವನ್ನು ಕೂಡಿಸಲು 2017ರವರೆಗೆ ಕಾಯಬೇಕಾಯಿತು. ಹದಿಮೂರು ವರ್ಷಗಳ ಹರಟೆಗೆ ಅದೊಂದೇ ಸಾಕಾಗಿತ್ತು.

ದೂರುವ ಈ ಜನರೇ ಬಸ್ಸಿನಿಂದ ಇಳಿಯುವಾಗ ಚಾಲಕನಿಗೆ ಧನ್ಯವಾದ ಹೇಳದೆ ಇಳಿಯುವುದು ಕಡಮೆ. ಹಳ್ಳಿಯ ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಕಾರು ಬಂದರೆ, ಚಕ್ರದ ಮೇಲಿನ ಕೈಯಿಂದ ಒಂದು ಬೆರಳನ್ನು ಎತ್ತಿ ವಂದಿಸುತ್ತಾರೆ. ಬರುವವನು ಪರಿಚಿತನೇ ಆಗಿರಬೇಕೆಂಬ ನಿಯಮವಿಲ್ಲ. ಪ್ರಯಾಣವೆಂದರೆ ಅವರಿಗೆ ಅಗಲಿಕೆಯ ನೆನಪೂ ಹೌದು. ಕ್ಷಾಮದ ತರುವಾಯ ತಲೆಮಾರುಗಟ್ಟಲೆ ತರುಣ ತರುಣಿಯರು ಹಡಗನ್ನೇರಿ ಅಮೆರಿಕಕ್ಕೆ ಹೋದರು. ಹೋದವರು ಹಿಂದಿರುಗುವುದು ಅಪರೂಪವಾಗಿದ್ದ ಕಾಲ ಅದು. ಆದುದರಿಂದ ಹೊರಡುವ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಆ ಮನೆಯಲ್ಲಿ ಸೇರಿ, ಸತ್ತವರ ಮನೆಯಲ್ಲಿ ಜಾಗರಣೆ ಮಾಡುವಂತೆ, ಬೆಳಗಾಗುವವರೆಗೂ ಮಾತಿನಲ್ಲಿ ಹಾಡಿನಲ್ಲಿ ಕಳೆಯುತ್ತಿದ್ದರು. ಅದಕ್ಕೆ ‘ಅಮೆರಿಕದ ಜಾಗರಣೆ’ ಎಂದೇ ಹೆಸರಿತ್ತು.

ರಸ್ತೆ, ಬಸ್ಸುಗಳ ಮಾತು ರಾಜಕೀಯಕ್ಕೆ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಐರ್ಲೆಂಡಿನ ಸಂಸತ್ತಿನ ಕೆಳಮನೆಗೆ ಡಾಲ್ ಎಂದು ಹೆಸರು. ಅದರ ಸದಸ್ಯರು ತಮ್ಮ ಕ್ಷೇತ್ರದ ಊರುಗಳಲ್ಲಿ ಗೊತ್ತಾದ ಹೊತ್ತಿನಲ್ಲಿ ಕುಳಿತು ಜನರ ಅಹವಾಲುಗಳನ್ನು ಕೇಳುವ ರೂಢಿಯುಂಟು. ಅಲ್ಲಿಯ ಚುನಾವಣೆಯ ಪದ್ಧತಿಯೂ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಒಂದೊಂದು ಕ್ಷೇತ್ರದಿಂದ ಮೂವರಿಂದ ಐವರವರೆಗೆ ಸದಸ್ಯರು ಆಯ್ಕೆಯಾಗುತ್ತಾರೆ. ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ ತನ್ನ ಇಷ್ಟದ ಕ್ರಮದಲ್ಲಿ 1, 2, 3 ಎಂದು ಗುರುತಿಸುತ್ತಾನೆ. ನಾಲ್ಕು ಸ್ಥಾನಗಳ ಕ್ಷೇತ್ರದಲ್ಲಿ 50,000 ಸಿಂಧುವಾದ ಮತಗಳು ಬಿದ್ದಿವೆಯೆನ್ನೋಣ. ಅದನ್ನು ಐದರಿಂದ ಭಾಗಿಸಿ ಒಂದನ್ನು ಕೂಡಿಸಿದರೆ 10,001 ಬರುತ್ತದೆ. ಅಷ್ಟು ಮತ ಪಡೆದವನು ಗೆದ್ದಂತೆ. ಗೆದ್ದವನ ಹೆಚ್ಚುವರಿ ಮತಗಳು ಮತದಾರರ ಮುಂದಿನ ಇಷ್ಟದಂತೆ ಬೇರೆಯವರಿಗೆ ವರ್ಗವಾಗುತ್ತವೆ. ಯಾರೂ ಗೆಲ್ಲದಿದ್ದರೆ ಎಲ್ಲರಿಗಿಂತ ಕಡಮೆ ಮತ ಪಡೆದವನನ್ನು ಕೈಬಿಟ್ಟು ಅವನ ಮತಗಳನ್ನು ಹಾಗೆಯೇ ಹಂಚುತ್ತಾರೆ. ಎಣಿಕೆ ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ಯಾರ ಮತ ಯಾರಿಗೆ ಹೋದೀತೆಂಬ ಲೆಕ್ಕಾಚಾರ ಊರೂರಿನಲ್ಲಿ ನಡೆಯುತ್ತದೆ. ಎದುರಾಳಿಯ ಬೆಂಬಲಿಗನ ಎರಡನೆಯ ಮತವೂ ಬೇಕಾಗುವುದರಿಂದ ಅಭ್ಯರ್ಥಿ ಯಾರನ್ನೂ ಕಟುವಾಗಿ ಹಳಿಯಲಾರ. ಈ ಪದ್ಧತಿಯನ್ನು ತೆಗೆದುಹಾಕಲು 1959ರಲ್ಲಿಯೂ 1968ರಲ್ಲಿಯೂ ಸರ್ಕಾರ ಜನಮತವನ್ನು ಕೇಳಿತು. ಎರಡು ಬಾರಿಯೂ ಜನ ಬೇಡವೆಂದರು.

ನಮಗೂ ಇದು ತೀರ ಅಪರಿಚಿತವಲ್ಲ. ಭಾರತದ ರಾಷ್ಟ್ರಪತಿಯ ಚುನಾವಣೆಯೂ ರಾಜ್ಯಸಭೆಯ ಚುನಾವಣೆಯೂ ಏಕ ವರ್ಗಾವಣೀಯ ಮತದ ಇದೇ ತತ್ತ್ವದ ಮೇಲೆ ನಡೆಯುತ್ತವೆ. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿಗೆ ಐರ್ಲೆಂಡಿನ 1937ರ ಸಂವಿಧಾನವೇ ಮಾದರಿ.

ಆದರೆ ಐರ್ಲೆಂಡಿನ ರಾಜಕೀಯದ ಮಾತಿನ ಆಳದಲ್ಲಿ ಒಂದು ಗಾಯವಿದೆ. ಬ್ರಿಟಿಷರ ವಿರುದ್ಧ ಹೋರಾಡಿದ ನಾಯಕರು 1921ರ ಡಿಸೆಂಬರಿನಲ್ಲಿ ಅವರೊಡನೆ ಒಂದು ಒಪ್ಪಂದ ಮಾಡಿಕೊಂಡರು. ಅದರಿಂದ 26 ಕೌಂಟಿಗಳಿಗೆ ಸ್ವಯಮಾಡಳಿತ ದೊರೆಯಿತು. ಆದರೆ ಸದಸ್ಯರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರತಿಜ್ಞೆ ಮಾಡಬೇಕಾಯಿತು. ಇಷ್ಟಾದರೂ ದೊರೆಯಿತೆಂದು ಮೈಕೆಲ್ ಕಾಲಿನ್ಸ್ ಮುಂತಾದವರು ಒಪ್ಪಿದರು; ಇದು ಸ್ವಾತಂತ್ರ್ಯವಲ್ಲವೆಂದು ಡಿ ವಲೆರ ಮುಂತಾದವರು ವಿರೋಧಿಸಿದರು. ನಿನ್ನೆಯವರೆಗೆ ಒಂದಾಗಿ ಹೋರಾಡಿದವರು 1922ರ ಜೂನ್‌ನಿಂದ 1923ರ ಮೇ ವರೆಗೆ ಒಬ್ಬರನ್ನೊಬ್ಬರು ಕೊಂದರು. ಕಾಲಿನ್ಸ್ 1922ರ ಆಗಸ್ಟ್‌ನಲ್ಲಿ ಗುಂಡಿಗೆ ಬಲಿಯಾದ. ಅಣ್ಣತಮ್ಮಂದಿರು ಎದುರುಬದುರಾದ ಆ ಹನ್ನೊಂದು ತಿಂಗಳುಗಳ ಮಾತನ್ನು ಎಷ್ಟೋ ಮನೆಗಳಲ್ಲಿ ಹಿರಿಯರು ಮತ್ತೆ ಎತ್ತಲಿಲ್ಲ. ಇಷ್ಟು ಹರಟುವ ಜನರ ಆ ಮೌನಕ್ಕೂ ಅರ್ಥವಿತ್ತು.

ಅಂತರ್ಯುದ್ಧ ಮುಗಿದ ಒಂಬತ್ತು ವರ್ಷಗಳಿಗೆ, 1932ರಲ್ಲಿ, ಸೋತ ಪಕ್ಷದವರು ಚುನಾವಣೆಯಲ್ಲಿ ಗೆದ್ದರು. ಗೆದ್ದಿದ್ದ ಪಕ್ಷದವರು ಬಂದೂಕನ್ನು ಎತ್ತದೆ ಅಧಿಕಾರವನ್ನು ಅವರ ಕೈಗೆ ಒಪ್ಪಿಸಿದರು. ಎರಡು ಕಡೆಯವರ ಪರಂಪರೆಯಿಂದ ಬೆಳೆದ ಫಿಯನಾ ಫಾಲ್, ಫಿನಾ ಗೇಲ್ ಎಂಬ ಎರಡು ಪಕ್ಷಗಳು ಮುಂದೆಯೂ ಪ್ರತಿಸ್ಪರ್ಧಿಗಳಾಗಿಯೇ ಉಳಿದುವು. ಅವು ಮೊದಲ ಬಾರಿಗೆ ಒಂದೇ ಸಮ್ಮಿಶ್ರ ಸರ್ಕಾರದಲ್ಲಿ ಜೊತೆಯಾಗಿ ಕುಳಿತದ್ದು 2020ರಲ್ಲಿ. ಉತ್ತರ ಐರ್ಲೆಂಡಿನ ಗಾಯ ಇನ್ನೂ ಹೆಚ್ಚು ಕಾಲ ಹಸಿಯಾಗಿತ್ತು. 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ಅಲ್ಲಿ ನಡೆದ ಕಲಹದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಹೆಸರಿನಿಂದಲೇ, ಓದಿದ ಶಾಲೆಯಿಂದಲೇ ಯಾರು ಯಾವ ಕಡೆಯವರೆಂದು ಊಹಿಸುತ್ತಿದ್ದ ಆ ದಿನಗಳಲ್ಲಿ ಅಪರಿಚಿತನೊಡನೆ ಭಯವಿಲ್ಲದೆ ಆಡಬಹುದಾದ ಮಾತೆಂದರೆ ಹವೆಯ ಮಾತು. ಕೊನೆಗೆ 1998ರ ಏಪ್ರಿಲ್ 10ರಂದು, ದೀರ್ಘವಾದ ಮಾತುಕತೆಯ ಬಳಿಕ, ಬೆಲ್‌ಫಾಸ್ಟಿನಲ್ಲಿ ಶಾಂತಿಯ ಒಪ್ಪಂದವಾಯಿತು.

ಇನ್ನು ಉಳಿದುದು ಆಟ. 1884ರ ನವೆಂಬರ್ 1ರಂದು ಥರ್ಲಿಸ್ ಎಂಬ ಊರಿನ ಹೋಟೆಲೊಂದರಲ್ಲಿ ಮೈಕೆಲ್ ಕ್ಯುಸಾಕ್ ಮುಂತಾದ ಕೆಲವರು ಸೇರಿ, ನಾಡಿನ ಆಟಗಳನ್ನು ಉಳಿಸಿ ಬೆಳೆಸಲು ಗೇಲಿಕ್ ಕ್ರೀಡಾಸಂಘವನ್ನು ಸ್ಥಾಪಿಸಿದರು. ಗೇಲಿಕ್ ಫುಟ್‌ಬಾಲಿನಲ್ಲಿ ಒಂದು ಕಡೆಗೆ ಹದಿನೈದು ಜನ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಲ್ಲಿಯೂ ಹಿಡಿಯಬಹುದು. ಆದರೆ ನಾಲ್ಕು ಹೆಜ್ಜೆಗಳಿಗಿಂತ ಹೆಚ್ಚು ಹೊತ್ತೊಯ್ಯುವಂತಿಲ್ಲ. ಅಷ್ಟರೊಳಗೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೆ ಪಾದದ ತುದಿಯಿಂದ ಚಿಮ್ಮಿ ಮರಳಿ ಕೈಗೆ ತಂದುಕೊಳ್ಳಬೇಕು. ಗುರಿಕಂಬಗಳ ನಡುವೆ ಅಡ್ಡಪಟ್ಟಿಯ ಕೆಳಗೆ ಚೆಂಡು ಹೋದರೆ ಗೋಲು. ಅದಕ್ಕೆ ಮೂರು ಅಂಕ. ಮೇಲೆ ಹೋದರೆ ಒಂದು ಅಂಕ. 2025ರಿಂದ, 40 ಮೀಟರಿನ ಕಮಾನುಗೆರೆಯ ಆಚೆಯಿಂದ ಒದ್ದ ಚೆಂಡು ಪಟ್ಟಿಯ ಮೇಲೆ ಹೋದರೆ ಎರಡು ಅಂಕ.

ಈ ಆಟದ ವಿಶೇಷವೆಂದರೆ ಆಟಗಾರರಿಗೆ ಸಂಬಳವಿಲ್ಲ. ಅವರು ಶಿಕ್ಷಕರು, ರೈತರು, ವಿದ್ಯಾರ್ಥಿಗಳು. ಸಾಮಾನ್ಯವಾಗಿ ತಮ್ಮ ಊರಿಗಾಗಿ, ತಮ್ಮ ಕೌಂಟಿಗಾಗಿ ಆಡುತ್ತಾರೆ. ಭಾನುವಾರ ಎಂಬತ್ತು ಸಾವಿರ ಜನರ ಎದುರಿಗೆ ಆಡಿದವನು ಸೋಮವಾರ ತರಗತಿಯಲ್ಲಿ ಪಾಠ ಹೇಳುತ್ತಿರುತ್ತಾನೆ. ಹೀಗೆ ಆಟಗಾರನು ದೂರದ ತಾರೆಯಲ್ಲ, ನೆರೆಮನೆಯ ಹುಡುಗ. ಅವನ ಆಟದ ಮಾತೆಂದರೆ ಊರಿನ ಮಾತು. ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಕೆರಿ ಕೌಂಟಿ 2025ರಲ್ಲಿ 39ನೆಯ ಬಾರಿ ಗೆದ್ದಿತು. ಮೇಯೊ ಕೌಂಟಿ 1951ರಲ್ಲಿ ಗೆದ್ದದ್ದೇ ಕೊನೆ; 1989ರಿಂದ 2021ರ ಒಳಗೆ ಹನ್ನೊಂದು ಅಂತಿಮ ಪಂದ್ಯಗಳನ್ನು ಸೋತಿತು. 1951ರಲ್ಲಿ ಗೆದ್ದು ಮೆರೆಯುತ್ತ ಬಂದ ತಂಡ ದಾರಿಯಲ್ಲಿ ಒಂದು ಶವಯಾತ್ರೆಗೆ ಗೌರವ ತೋರಲಿಲ್ಲವೆಂದೂ ಅದರಿಂದ ಶಾಪ ತಟ್ಟಿತೆಂದೂ ಜನ ಒಂದು ಕತೆಯನ್ನೇ ಕಟ್ಟಿದ್ದಾರೆ. ಕತೆ ನಿಜವಲ್ಲದಿರಬಹುದು, ಪ್ರತಿ ವರ್ಷವೂ ಹೊಸ ಆಸೆಯಿಂದ ಮೈದಾನಕ್ಕೆ ಬರುವ ಮೇಯೊ ಜನರ ನಿಷ್ಠೆ ನಿಜ.

1947ರಲ್ಲಿ, ಕ್ಷಾಮದ ಅತಿ ಘೋರವಾದ ವರ್ಷಕ್ಕೆ ನೂರು ತುಂಬಿದಾಗ, ಅಂತಿಮ ಪಂದ್ಯವನ್ನು ಅಮೆರಿಕದ ನ್ಯೂಯಾರ್ಕಿನಲ್ಲಿ ಆಡಿಸಿದರು. ಊರು ಬಿಟ್ಟು ಹೋದವರ ಮಕ್ಕಳು ಮೊಮ್ಮಕ್ಕಳು ನೋಡಲೆಂಬುದೇ ಅದರ ಉದ್ದೇಶ. ಕ್ಯಾವನ್ ಕೌಂಟಿ 2 ಗೋಲು 11 ಅಂಕಗಳಿಂದ, ಎಂದರೆ ಒಟ್ಟು 17ರಿಂದ, 2 ಗೋಲು 7 ಅಂಕ ಪಡೆದ ಕೆರಿಯನ್ನು ಸೋಲಿಸಿತು. ಐರ್ಲೆಂಡಿನ ಜನ ರೇಡಿಯೊ ಮುಂದೆ ಕುಳಿತು ಮೀಹಾಲ್ ಒಹೇರ್ ಮಾಡುತ್ತಿದ್ದ ವೀಕ್ಷಕ ವಿವರಣೆಯನ್ನು ಕೇಳುತ್ತಿದ್ದರು. ಬಾಡಿಗೆಗೆ ಪಡೆದ ತಂತಿಮಾರ್ಗದ ಅವಧಿ ಪಂದ್ಯಕ್ಕಿಂತ ಮೊದಲೇ ಮುಗಿಯುವಂತಾಯಿತು. ಇನ್ನು ಐದು ನಿಮಿಷ ಮಾರ್ಗವನ್ನು ಕಡಿಯಬೇಡಿರೆಂದು ಆತ ವಿವರಣೆಯ ನಡುವೆಯೇ, ಯಾರೆಂದು ಅರಿಯದ ಆ ಸಿಬ್ಬಂದಿಯನ್ನು ಬೇಡಿಕೊಂಡ. ಮಾರ್ಗ ಕಡಿಯಲಿಲ್ಲ, ಒಂದು ನಾಡು ಪಂದ್ಯದ ಕೊನೆಯನ್ನು ಕೇಳಿತು.

ಅಂತರ್ಯುದ್ಧ ಬಹು ಕ್ರೂರವಾಗಿ ನಡೆದ ಕೌಂಟಿಗಳಲ್ಲಿ ಕೆರಿಯೂ ಒಂದು. ಆದರೂ 1924ರ ಪ್ರಶಸ್ತಿಯನ್ನು ಗೆದ್ದ ಕೆರಿ ತಂಡದಲ್ಲಿ ಸರ್ಕಾರದ ಸೈನ್ಯದ ಕ್ಯಾಪ್ಟನ್ ಆಗಿದ್ದ ಕಾನ್ ಬ್ರಾಸ್ನನ್ನನೂ ಅದರ ವಿರುದ್ಧ ಹೋರಾಡಿದ್ದ ಜಾನ್ ಜೋ ಷೀಹಿಯೂ ಜೊತೆಯಾಗಿ ಆಡಿದರು. ಯುದ್ಧದ ಮಾತನ್ನು ಆಡಲಾರದವರು ಚೆಂಡಿನ ಮಾತನ್ನು ಆಡಬಲ್ಲವರಾದರು.

ಡಬ್ಲಿನ್ನಿನಲ್ಲಿರುವ ಕ್ರೋಕ್ ಪಾರ್ಕ್ ಈ ಆಟದ ದೊಡ್ಡ ಮೈದಾನ. 1920ರ ನವೆಂಬರ್ 21ರ ಬೆಳಗ್ಗೆ ಐರಿಷ್ ಹೋರಾಟಗಾರರು ನಗರದಲ್ಲಿ ಬ್ರಿಟಿಷ್ ಗೂಢಚಾರರನ್ನು ಕೊಂದರು. ಅಂದು ಮಧ್ಯಾಹ್ನ ಬ್ರಿಟಿಷ್ ಪಡೆಗಳು ಕ್ರೋಕ್ ಪಾರ್ಕಿಗೆ ನುಗ್ಗಿ ಡಬ್ಲಿನ್, ಟಿಪ್ಪರೆರಿ ತಂಡಗಳ ಪಂದ್ಯವನ್ನು ನೋಡುತ್ತಿದ್ದ ಜನರ ಮೇಲೆ ಗುಂಡು ಹಾರಿಸಿದುವು. ಆಟಗಾರ ಮೈಕೆಲ್ ಹೋಗನ್ ಸೇರಿ 14 ಮಂದಿ ಸತ್ತರು. ಅಲ್ಲಿಯ ಒಂದು ಪ್ರೇಕ್ಷಕರ ಅಟ್ಟಣೆಗೆ ಇಂದು ಹೋಗನ್ನನ ಹೆಸರಿದೆ. ಅಂಥ ನೆಲದ ಮೇಲೆ ಬ್ರಿಟಿಷ್ ಮೂಲದ ಆಟಗಳಿಗೆ ಬಹುಕಾಲ ಪ್ರವೇಶವಿರಲಿಲ್ಲ. ಅದನ್ನು ಸಡಿಲಿಸಬೇಕೇ ಬೇಡವೇ ಎಂದು ಕ್ರೀಡಾಸಂಘದ ಸಭೆಗಳಲ್ಲಿಯೂ ಮನೆಗಳಲ್ಲಿಯೂ ವರ್ಷಗಟ್ಟಲೆ ವಾದ ನಡೆಯಿತು. 2005ರಲ್ಲಿ ನಿಯಮ ಸಡಿಲವಾಯಿತು. 2007ರ ಫೆಬ್ರವರಿ 24ರಂದು ಇಂಗ್ಲೆಂಡಿನ ರಗ್ಬಿ ತಂಡ ಅಲ್ಲಿಗೆ ಬಂದಾಗ ಬ್ರಿಟಿಷ್ ರಾಷ್ಟ್ರಗೀತೆಯನ್ನು ನುಡಿಸಬೇಕಾಗಿತ್ತು. ಜನ ಹೇಗೆ ನಡೆದುಕೊಳ್ಳುವರೋ ಎಂದು ಹಲವರು ಅಂಜಿದ್ದರು. ಎಂಬತ್ತು ಸಾವಿರ ಜನ ಗೌರವದಿಂದ ಅದನ್ನು ಕೇಳಿದರು. ಅನಂತರ ತಮ್ಮ ಗೀತೆಯನ್ನು ತುಂಬುಕಂಠದಿಂದ ಹಾಡಿದರು. ಪಂದ್ಯವನ್ನು ಐರ್ಲೆಂಡ್ 43–13ರಿಂದ ಗೆದ್ದಿತು.

ಮಳೆ, ಬಸ್ಸು, ಮತ, ಚೆಂಡು—ಬಿಡಿಬಿಡಿಯಾಗಿ ನೋಡಿದರೆ ಇವು ಸಣ್ಣ ವಿಷಯಗಳು. ಆದರೆ ಇವು ಯಾರೊಬ್ಬರ ಸೊತ್ತೂ ಅಲ್ಲ. ಶ್ರೀಮಂತನಿಗೂ ಬಡವನಿಗೂ ಮಳೆ ಒಂದೇ, ತಡವಾದ ಬಸ್ಸೂ ಒಂದೇ. ಆದುದರಿಂದಲೇ ಇವನ್ನು ಹಿಡಿದು ಯಾರು ಬೇಕಾದರೂ ಯಾರೊಡನೆ ಬೇಕಾದರೂ ಮಾತು ಆರಂಭಿಸಬಹುದು. ಚಿಕ್ಕ ವಿಷಯಗಳಲ್ಲಿ ಭಿನ್ನಾಭಿಪ್ರಾಯವನ್ನು ನಗುನಗುತ್ತ ಆಡಿ ರೂಢಿಯಾದವರು ದೊಡ್ಡ ವಿಷಯಗಳಲ್ಲಿಯೂ ಜಗಳವಿಲ್ಲದೆ ಭಿನ್ನರಾಗಿರಲು ಕಲಿಯುತ್ತಾರೆ. ಹಸಿವು, ಅಗಲಿಕೆ, ಅಂತರ್ಯುದ್ಧಗಳನ್ನು ಕಂಡ ಐರಿಷರು ಈ ಪಾಠವನ್ನು ಸುಲಭವಾಗಿ ಕಲಿತವರಲ್ಲ. ಕೆಲವೊಮ್ಮೆ ಮರೆತು, ರಕ್ತ ಸುರಿಸಿ, ಮತ್ತೆ ಕಲಿತವರು. ಬಾರದ ಬಸ್ಸಿಗಾಗಿ ಕಾಯುತ್ತ “ಮೆತ್ತನೆಯ ದಿನ, ದೇವರ ದಯೆ” ಎಂದು ಅವರಲ್ಲೊಬ್ಬನು ಪಕ್ಕದವನಿಗೆ ಹೇಳಿದರೆ, ಪಡೆದುದಕ್ಕಿಂತ ಒಂದು ಮಾತು ಹೆಚ್ಚಾಗಿ ಹಿಂದಿರುಗಿಸುವುದು ಪಕ್ಕದವನ ಸರದಿ.